ಸಹೃದಯನಾರು? — ಸ್ವಲೀನರ ಓದನ್ನು ಕುರಿತು ಒಂದು ವಿಚಾರ

‘ಸಹೃದಯ’ನೆಂಬ ಮಾತು ನಮ್ಮ ವಿಮರ್ಶೆಯಲ್ಲಿ ಎಷ್ಟು ಸಲೀಸಾಗಿ ಬಳಕೆಯಾಗುತ್ತಿದೆಯೆಂದರೆ, ಅದರ ಅರ್ಥವನ್ನು ವಿಚಾರಿಸುವ ಶ್ರಮವನ್ನು ನಾವು ಬಹುಕಾಲದ ಹಿಂದೆಯೇ ಕೈಬಿಟ್ಟಂತೆ ತೋರುತ್ತದೆ. ಯಾವ ಗ್ರಂಥದ ಮುನ್ನುಡಿಯನ್ನು ತೆರೆದರೂ ಅದು ಸಹೃದಯರ ಕೈಯಲ್ಲಿ ಅರ್ಪಿತವಾಗಿರುತ್ತದೆ. ಯಾವ ಸಭೆಯಲ್ಲಿ ಉಪನ್ಯಾಸವಾದರೂ ಅದು ಸಹೃದಯರಾದ ಶ್ರೋತೃಗಳನ್ನು ಕುರಿತೇ ಆಗಿರುತ್ತದೆ. ಈ ಬಿರುದನ್ನು ಒಬ್ಬನಿಗೆ ಕೊಡುವಾಗ ಮತ್ತೊಬ್ಬನಿಂದ ಅದನ್ನು ಕಿತ್ತುಕೊಂಡಂತೆಯೂ ಆಗುವುದೆಂಬುದು ನಮ್ಮ ಲಕ್ಷ್ಯಕ್ಕೆ ಬರುವುದಿಲ್ಲ. ಹಾಗೆ ಕಿತ್ತುಕೊಂಡ ಒಂದು ಪ್ರಸಂಗದಲ್ಲಿ ನಾನೂ ಪಾಲುಗಾರನಾಗಿದ್ದೆನಾದುದರಿಂದ ಈ ಲೇಖನವನ್ನು ಬರೆಯಬೇಕಾಗಿ ಬಂದಿತು.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಕುಮಾರವ್ಯಾಸ ಭಾರತದ ಉದ್ಯೋಗಪರ್ವದ ವಾಚನ ನಡೆದಿತ್ತು. ಸಂಧಾನ ಮುರಿದು ಹಿಂದಿರುಗುವ ಕೃಷ್ಣನು ಕರ್ಣನನ್ನು ತನ್ನ ರಥದಲ್ಲಿ ಕುಳ್ಳಿರಿಸಿಕೊಂಡು ಅವನ ಜನ್ಮವೃತ್ತಾಂತವನ್ನು ತಿಳಿಸುವ ಸಂದರ್ಭ. ಗಮಕಿಗಳ ಕಂಠ ಚೆನ್ನಾಗಿತ್ತು. ವ್ಯಾಖ್ಯಾನವೂ ಅದಕ್ಕೆ ಒಪ್ಪುವಂತಿತ್ತು. ಸಭೆಯಲ್ಲಿ ಕಣ್ಣೊರೆಸಿಕೊಳ್ಳದವರು ವಿರಳ. ಮುಗಿದ ಬಳಿಕ, ನನ್ನ ಜತೆಯಲ್ಲಿ ಬಂದಿದ್ದ ನನ್ನ ಸೋದರಳಿಯನು ಎದ್ದು ನಿಂತು ಒಂದು ಪ್ರಶ್ನೆ ಕೇಳಿದನು: “ಕರ್ಣ ಯಾರ ಮಗನೆಂಬುದು ಕೃಷ್ಣನಿಗೆ ಯಾವಾಗಿನಿಂದ ಗೊತ್ತಿತ್ತು? ದ್ರೌಪದಿಯ ಸ್ವಯಂವರದ ಹೊತ್ತಿಗೇ ಗೊತ್ತಿದ್ದರೆ ಆಗಲೇ ಏಕೆ ಹೇಳಲಿಲ್ಲ?” ಅಷ್ಟಕ್ಕೇ ನಿಲ್ಲದೆ, “ರಾಜ್ಯ ಸಿಗುತ್ತದೆಂದು ಹೇಳಿದರೆ ಕರ್ಣ ಅಳುವುದೇಕೆ?” ಎಂದೂ ಕೇಳಿದನು. ಸಭೆಯಲ್ಲಿ ಒಂದು ಗುಜುಗುಜು ಎದ್ದಿತು. ಹಿರಿಯರೊಬ್ಬರು, ಅರಸಿಕರಿಗೆ ಕವಿತೆಯನ್ನು ಒಪ್ಪಿಸುವ ದುರ್ದೆಸೆ ಬೇಡವೆಂದು ಬ್ರಹ್ಮನನ್ನು ಬೇಡಿಕೊಂಡ ಹಳೆಯ ಕವಿಯನ್ನು ನೆನಪಿಗೆ ತಂದುಕೊಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆನು. ಅವನು ಕುಳಿತುಕೊಂಡನು, ಅನಂತರ ನಮ್ಮ ವಾಚನಗಳಿಗೆ ಬರುವುದನ್ನು ನಿಲ್ಲಿಸಿದನು.

ಲೆಕ್ಕಪತ್ರದ ಕೆಲಸದಲ್ಲಿ ನಿಪುಣನಾದ, ಮಾತಿನಲ್ಲಿ ಕೊಂಚ ಒರಟನೆನಿಸುವ ಈ ಹುಡುಗನಿಗೆ (ಹುಡುಗನೆಂಬುದು ನನ್ನ ಅಭ್ಯಾಸಬಲ, ಅವನಿಗೆ ಆಗಲೇ ಮೂವತ್ತು ದಾಟಿತ್ತು) ಆಟಿಸಂ ಇರುವುದೆಂದು ವೈದ್ಯರು ಹೇಳಿದುದು ಅದಾದ ಎರಡು ವರ್ಷಗಳ ಮೇಲೆ. ಕನ್ನಡದಲ್ಲಿ ಇದನ್ನು ಸ್ವಲೀನತೆಯೆಂದು ಕರೆಯುತ್ತಾರೆ. ಈ ಪದವೇ ಒಂದು ತೀರ್ಪನ್ನು ಒಳಗಿಟ್ಟುಕೊಂಡಿದೆ; ತನ್ನಲ್ಲಿಯೇ ಲೀನನಾದವನು ಅನ್ಯರ ಹೃದಯವನ್ನು ಹೇಗೆ ಬಲ್ಲನು? ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಎಂಬ ವೈದ್ಯನು ಗ್ರೀಕಿನ ‘ತಾನು’ ಎಂಬ ಶಬ್ದದಿಂದ ಆಟಿಸಂ ಎಂಬ ಹೆಸರನ್ನು ಕಟ್ಟಿದುದು ಬೇರೊಂದು ವ್ಯಾಧಿಯ ಲಕ್ಷಣವನ್ನು ಹೇಳಲು. ೧೯೪೩ರಲ್ಲಿ ಅಮೆರಿಕದ ಲಿಯೊ ಕ್ಯಾನರ್ ಎಂಬ ವೈದ್ಯನು ಹನ್ನೊಂದು ಮಕ್ಕಳ ವೃತ್ತಾಂತವನ್ನು ಬರೆದಾಗ ಆ ಹೆಸರು ಇಂದಿನ ಅರ್ಥಕ್ಕೆ ಬಂದು ನಿಂತಿತು. ಉತ್ತಮವಾದ ಬೇರೊಂದು ಶಬ್ದ ದೊರೆಯುವವರೆಗೆ ಸ್ವಲೀನನೆಂಬುದನ್ನೇ ನಾನೂ ಬಳಸುವೆನು. ಆದರೆ ಅದರ ಧಾತ್ವರ್ಥವನ್ನು ಒಪ್ಪಿಕೊಂಡು ಅಲ್ಲ.

ವೈದ್ಯರ ಮಾತು ಕೇಳಿದ ಮೇಲೆ ನಾನು, ಸ್ವಲೀನರಾದ ವಯಸ್ಕರು ಬರೆಹವನ್ನು ಹೇಗೆ ಓದುತ್ತಾರೆ, ಉಳಿದವರ ಓದಿಗೂ ಅದಕ್ಕೂ ಭೇದವಾದರೂ ಏನು ಎಂಬುದನ್ನು ತಿಳಿಯಲು ಕೈಗೆ ಸಿಕ್ಕಿದುದನ್ನೆಲ್ಲ ಓದಿದೆನು. ಅದು ಮನಶ್ಶಾಸ್ತ್ರಜ್ಞರ ಕ್ಷೇತ್ರ. ನಾನು ಅಲ್ಲಿ ಪರಕೀಯ. ಆದರೂ ಅವರು ಎತ್ತುವ ಪ್ರಶ್ನೆಗಳು ಸಾಹಿತ್ಯವಿಮರ್ಶೆಯ ಪ್ರಶ್ನೆಗಳೇ ಆಗಿರುವುದರಿಂದ ಅವನ್ನು ನಮ್ಮ ಒರೆಗಲ್ಲಿಗೆ ಉಜ್ಜಿ ನೋಡುವುದು ಅನುಚಿತವಾಗಲಾರದು.

ಮೊದಲಿಗೆ ಕ್ಯಾನರನ ವಿಷಯ. ಸ್ವಲೀನರಿಗೆ ವಾಚ್ಯಾರ್ಥವಲ್ಲದೆ ಲಕ್ಷ್ಯಾರ್ಥ ತಿಳಿಯದೆಂಬುದು ಈಗ ಲೋಕದಲ್ಲಿ ರೂಢವಾಗಿರುವ ನಂಬಿಕೆ. ಆದರೆ ಆ ಸ್ಥಿತಿಯನ್ನು ವರ್ಣಿಸಿದ ಕ್ಯಾನರನೇ ೧೯೪೬ರಲ್ಲಿ ಬರೆದ ಒಂದು ಪ್ರಬಂಧ ಈ ನಂಬಿಕೆಗೆ ನೇರವಾಗಿ ಅಡ್ಡ ನಿಲ್ಲುತ್ತದೆ. ಆ ಮಕ್ಕಳ ಬಾಯಲ್ಲಿ ಬರುವ ಅಸಂಬದ್ಧವೆಂದು ತೋರುವ ಮಾತುಗಳು ನಿಜಕ್ಕೂ ಅಸಂಬದ್ಧವಲ್ಲ, ಅವು ರೂಪಕಗಳು ಎಂಬುದು ಅಲ್ಲಿ ಅವನ ವಾದ. ಒಂದು ಮಗುವಿನ ಉದಾಹರಣೆಯನ್ನು ಕೊಡುತ್ತಾನೆ. ಆ ಮಗುವಿಗೆ ಎರಡು ವರ್ಷವಾಗಿದ್ದಾಗ ತಾಯಿ ಪೀಟರನೆಂಬ ಕುಂಬಳಕಾಯಿ ತಿನ್ನುವವನ ಶಿಶುಗೀತೆಯನ್ನು ಹೇಳುತ್ತ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಕೈಯಿಂದ ಪಾತ್ರೆ ಜಾರಿ ಬಿದ್ದು ಸದ್ದಾಯಿತು. ಅಂದಿನಿಂದ ಆ ಮಗು ಅಂಥ ಪಾತ್ರೆಯನ್ನು ಕಂಡಾಗಲೆಲ್ಲ ಆ ಗೀತೆಯ ಎರಡು ಶಬ್ದಗಳನ್ನು ಉಚ್ಚರಿಸುತ್ತಿತ್ತು. ಕೇಳಿದವರಿಗೆ ಅದು ಹುಚ್ಚು. ಆ ಅಡಿಗೆಮನೆಯಲ್ಲಿ ಅಂದು ಇದ್ದವರಿಗೆ ಅದು ಅರ್ಥವತ್ತಾದ ಹೆಸರು.

ನಮ್ಮ ಆಲಂಕಾರಿಕರು ಲಕ್ಷಣೆಗೆ ಮೂರು ಅಂಗಗಳನ್ನು ಹೇಳುವರಷ್ಟೆ: ಮುಖ್ಯಾರ್ಥಕ್ಕೆ ಬಾಧೆ, ಅದರೊಡನೆ ಸಂಬಂಧ, ರೂಢಿಯೋ ಪ್ರಯೋಜನವೋ ಆದ ಒಂದು ಹೇತು. ಗಂಗೆಯಲ್ಲಿ ಹಟ್ಟಿಯಿದೆ ಎಂದರೆ ದಡದಲ್ಲಿ ಎಂದು ತಿಳಿಯುವುದು ನೀರಿಗೂ ದಡಕ್ಕೂ ಇರುವ ಸಾಮೀಪ್ಯದಿಂದ. ಆ ಮಗುವಿನ ಮಾತಿನಲ್ಲಿಯೂ ಸಂಬಂಧವಿದೆ, ಸಾಮೀಪ್ಯವೂ ಇದೆ, ಹಾಡೂ ಪಾತ್ರೆಯ ಸದ್ದೂ ಒಂದೇ ಕ್ಷಣದಲ್ಲಿ ಕೂಡಿದುವು. ಇಲ್ಲದಿರುವುದು ಅದನ್ನು ಬಲ್ಲ ಎರಡನೆಯ ವ್ಯಕ್ತಿ. ಅಂದಮೇಲೆ ಕೊರತೆಯಿರುವುದು ಲಕ್ಷಣಾಶಕ್ತಿಯಲ್ಲಿಯೋ, ಲೋಕಸಮ್ಮತಿಯಲ್ಲಿಯೋ? ಕ್ಯಾನರನು ಇದನ್ನು ಕಂಡಿದ್ದನು. ಮುಂದಿನ ನಾಲ್ಕು ದಶಕಗಳ ವಿದ್ವಾಂಸರು ಅದನ್ನು ಏಕೆ ಮರೆತರೋ, ನನಗೆ ಆಶ್ಚರ್ಯವೆನಿಸುತ್ತದೆ.

೧೯೮೩ರಲ್ಲಿ ಇಂಗ್ಲೆಂಡಿನ ಊಟಾ ಫ್ರಿತ್, ಮ್ಯಾಗಿ ಸ್ನೋಲಿಂಗ್ ಎಂಬ ಇಬ್ಬರು ವಿದುಷಿಯರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಒಂದೇ ಅಕ್ಷರಮಾಲೆ ಎರಡು ಉಚ್ಚಾರಗಳನ್ನು ತಾಳುವುದುಂಟು. ‘ಟಿಯರ್’ ಎಂದರೆ ಕಣ್ಣೀರು, ‘ಟೇರ್’ ಎಂದರೆ ಹರಿದ ಜಾಗ. ಬರೆಯುವುದು ಮಾತ್ರ ಒಂದೇ ಬಗೆ. ಕಣ್ಣಿನ ಪ್ರಸ್ತಾಪವಿರುವ ವಾಕ್ಯದಲ್ಲಿ ಒಂದು ಬಗೆಯಾಗಿಯೂ ಉಡುಪಿನ ಪ್ರಸ್ತಾಪವಿರುವ ವಾಕ್ಯದಲ್ಲಿ ಇನ್ನೊಂದು ಬಗೆಯಾಗಿಯೂ ಓದಬೇಕು. ಸ್ವಲೀನ ಮಕ್ಕಳು ಸಂದರ್ಭವನ್ನು ಲಕ್ಷಿಸದೆ, ಹೆಚ್ಚು ಬಳಕೆಯಲ್ಲಿರುವ ಉಚ್ಚಾರಣೆಯನ್ನೇ ಎರಡು ಕಡೆಯೂ ಓದುವುದು ಕಂಡುಬಂದಿತು. ಅಕ್ಷರಗಳನ್ನು ಕೂಡಿಸಿ ಓದುವುದೇ ಕಷ್ಟವಾದ ಬೇರೆ ಮಕ್ಕಳಾದರೋ ಸಂದರ್ಭದ ಸಹಾಯದಿಂದ ಸರಿಯಾದುದನ್ನು ಹಿಡಿಯುತ್ತಿದ್ದರು. ಬಿಡಿಭಾಗಗಳನ್ನು ಚೆನ್ನಾಗಿ ಗ್ರಹಿಸಿ ಅವನ್ನೆಲ್ಲ ಒಂದು ಸಮಗ್ರಾರ್ಥವಾಗಿ ಹೆಣೆಯುವ ಪ್ರವೃತ್ತಿ ಸ್ವಲೀನರಲ್ಲಿ ದುರ್ಬಲವೆಂಬ ಸಿದ್ಧಾಂತವನ್ನು ಫ್ರಿತ್ ಅವರು ೧೯೮೯ರ ತಮ್ಮ ಗ್ರಂಥದಲ್ಲಿ ಮಂಡಿಸಿದರು. ೧೯೯೯ರಲ್ಲಿ ಜಾಲಿಫ್ ಮತ್ತು ಬ್ಯಾರನ್-ಕೊಹೆನ್ ಎಂಬವರು ಇದೇ ಪರೀಕ್ಷೆಯನ್ನು ಬುದ್ಧಿಶಕ್ತಿಯಲ್ಲಿ ಯಾವ ಕೊರತೆಯೂ ಇಲ್ಲದ ಸ್ವಲೀನ ವಯಸ್ಕರ ಮೇಲೆ ನಡೆಸಿ, ಅವರೂ ಸಂದರ್ಭವನ್ನು ಇತರರಿಗಿಂತ ಕಡಮೆ ಬಳಸುವರೆಂದೂ, ಎರಡು ವಾಕ್ಯಗಳ ನಡುವೆ ಹೇಳದೆ ಬಿಟ್ಟ ಸಂಗತಿಯನ್ನು ಊಹಿಸುವುದರಲ್ಲಿ ಹಿಂದುಳಿಯುವರೆಂದೂ ಬರೆದರು.

ಇಲ್ಲಿ ಒಂದು ಮಾತು ಹೇಳಬೇಕು. ಪದಕ್ಕೆ ಅರ್ಥ ಒದಗುವುದು ಪ್ರಕರಣದಿಂದ ಎಂಬುದು ನಮಗೆ ಹೊಸತಲ್ಲ. ಸೈಂಧವವೆಂದರೆ ಉಪ್ಪು, ಕುದುರೆಯೂ ಹೌದು. ಊಟಕ್ಕೆ ಕುಳಿತವನು ಸೈಂಧವವನ್ನು ತಾ ಎಂದರೆ ಉಪ್ಪನ್ನೂ ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆಯನ್ನೂ ತರಬೇಕು. ಇದು ಶಾಸ್ತ್ರಕಾರರ ಬಹು ಹಳೆಯ ದೃಷ್ಟಾಂತ. ಭರ್ತೃಹರಿಯು ವಾಕ್ಯಪದೀಯದಲ್ಲಿ ಅನೇಕಾರ್ಥಕ ಶಬ್ದದ ಅರ್ಥವನ್ನು ನಿಶ್ಚಯಿಸುವ ಸಾಧನಗಳನ್ನು, ಸಂಯೋಗ, ವಿಪ್ರಯೋಗ, ಸಾಹಚರ್ಯ, ವಿರೋಧ, ಪ್ರಕರಣ ಎಂದು ಮೊದಲಾಗಿ, ಒಂದೊಂದಾಗಿ ಎಣಿಸಿಕೊಟ್ಟಿದ್ದಾನೆ. ಎಣಿಸಿಕೊಟ್ಟನೆಂಬುದೇ ಮುಖ್ಯ. ಸಂದರ್ಭವನ್ನು ಹಿಡಿಯುವ ಶಕ್ತಿಯು ಎಲ್ಲರಿಗೂ ಹುಟ್ಟಿನಿಂದಲೇ ಬರುವ ಅವ್ಯಾಖ್ಯೇಯವಾದ ವರವಾಗಿದ್ದರೆ ಆ ಪಟ್ಟಿ ಏತಕ್ಕೆ ಬೇಕಾಗಿತ್ತು?

ಇನ್ನೊಂದು ವಿಚಾರ. ಈ ಪರೀಕ್ಷೆಯನ್ನು ಕನ್ನಡದಲ್ಲಿ ಮಾಡಲು ಬರುವುದಿಲ್ಲ. ನಮ್ಮ ಲಿಪಿಯು ಉಚ್ಚಾರವನ್ನು ಅನುಸರಿಸುವುದರಿಂದ ನಾನಾರ್ಥವುಳ್ಳ ಶಬ್ದಗಳು ಬರೆಯುವುದರಲ್ಲಿಯೂ ಒಂದೇ, ಓದುವುದರಲ್ಲಿಯೂ ಒಂದೇ. ಬೇಡ ಎಂದರೆ ಬೇಟೆಗಾರನೂ ಹೌದು, ನಿಷೇಧವೂ ಹೌದು. ಕಾಡು ಎಂದರೆ ಅರಣ್ಯವೂ ಪೀಡಿಸುವುದೂ. ಅರಸು ಎಂದರೆ ದೊರೆಯೂ ಹುಡುಕುವುದೂ. ಗಟ್ಟಿಯಾಗಿ ಓದಿಸಿ ಕೇಳಿದರೆ ಓದುಗನು ಯಾವ ಅರ್ಥವನ್ನು ಗ್ರಹಿಸಿದನೆಂಬುದು ಹೊರಬೀಳುವುದೇ ಇಲ್ಲ. ಅಂದಮೇಲೆ ನಲವತ್ತು ವರ್ಷಗಳಿಂದ ಸ್ವಲೀನರ ಮೇಲೆ ಹೊರಿಸುತ್ತ ಬಂದಿರುವ ಆಪಾದನೆಗೆ ಇಂಗ್ಲಿಷ್ ಕಾಗುಣಿತದ ವಕ್ರತೆಯೂ ಒಂದು ಸಾಕ್ಷಿಯಾಗಿ ಕುಳಿತಿದೆ! ನಮ್ಮಲ್ಲಿ ಅಂಥ ಪರೀಕ್ಷೆ ಬೇಕೆನ್ನುವವರು ಷಟ್ಪದಿಯನ್ನು ಓದಿಸಬೇಕು. ಭಾಮಿನಿಯಲ್ಲಿ ಪಾದ ಮುಗಿಯುವಲ್ಲಿ ಪದ ಮುಗಿಯುವುದಿಲ್ಲ, ಪದ ಮುಗಿಯುವಲ್ಲಿ ಮಾತು ಮುಗಿಯುವುದಿಲ್ಲ. ಛಂದಸ್ಸಿನ ಓಟವನ್ನೇ ಹಿಡಿದವನು ಒಂದು ಕಡೆ ನಿಲ್ಲುವನು, ಅರ್ಥವನ್ನು ಹಿಡಿದವನು ಇನ್ನೊಂದು ಕಡೆ. ಗಮಕಿಗಳು ಪದಚ್ಛೇದವನ್ನು ವರ್ಷಗಟ್ಟಲೆ ಅಭ್ಯಾಸ ಮಾಡುವುದು ಇದಕ್ಕಾಗಿಯೇ. ಸ್ವಲೀನರಲ್ಲದ, ಪದವೀಧರರಾದ ನಮ್ಮ ಅನೇಕ ಸದಸ್ಯರು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಲಾರರೆಂದು ನಾನು ಧೈರ್ಯವಾಗಿ ಹೇಳಬಲ್ಲೆನು.

ಈಚಿನ ಶೋಧನೆಗಳು ಮೇಲಿನ ಸಿದ್ಧಾಂತವನ್ನು ಬಹಳ ಮಟ್ಟಿಗೆ ಸಡಿಲಿಸಿವೆ. ೨೦೦೫ರಲ್ಲಿ ಕೋರ್ಟ್ನಿ ನಾರ್ಬರಿ ಎಂಬವರು, ರೂಪಕವನ್ನು ತಿಳಿಯುವ ಶಕ್ತಿ ಮಗುವಿನ ಶಬ್ದಾರ್ಥಸಂಪತ್ತನ್ನು ಅವಲಂಬಿಸಿದೆಯೇ ಹೊರತು ಸ್ವಲೀನತೆಯನ್ನಲ್ಲವೆಂದು ತೋರಿಸಿದರು. ಭಾಷೆ ಬಲವಾಗಿರುವ ಸ್ವಲೀನ ಮಕ್ಕಳು ಇತರ ಮಕ್ಕಳಂತೆಯೇ ರೂಪಕಗಳನ್ನು ತಿಳಿದರು. ೨೦೧೩ರಲ್ಲಿ ಬ್ರೌನ್ ಮೊದಲಾದವರು ೩೬ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಓದಿನ ಗ್ರಹಿಕೆಯಲ್ಲಿ ಕಂಡುಬರುವ ವ್ಯತ್ಯಾಸದ ಬಹುಭಾಗವು ಅಕ್ಷರಗಳನ್ನು ಬಿಡಿಸಿ ಓದುವ ಕೌಶಲ, ಶಬ್ದಾರ್ಥಜ್ಞಾನ ಇವೆರಡರಿಂದಲೇ ಬರುವುದೆಂದೂ, ಸ್ವಲೀನನೆಂಬ ಒಂದೇ ಸಂಗತಿಯಿಂದ ಅವನು ಅರ್ಥಮಾಡಿಕೊಳ್ಳಲಾರನೆಂದು ಊಹಿಸುವುದು ಸಲ್ಲದೆಂದೂ ತೀರ್ಮಾನಿಸಿದರು. ಆದರೆ ಅವರೇ ಇನ್ನೊಂದನ್ನೂ ಹೇಳಿದ್ದಾರೆ: ಜನರ ಪರಸ್ಪರ ಸಂಬಂಧ, ಮನೋಗತ, ಒಳಉದ್ದೇಶ ಇವುಗಳ ಜ್ಞಾನವನ್ನು ಬಹಳವಾಗಿ ಬೇಡುವ ಬರೆಹಗಳಲ್ಲಿ ಸ್ವಲೀನರಿಗೆ ತೊಡಕು ಹೆಚ್ಚು. ಇದನ್ನು ಮುಚ್ಚಿಡಲಾಗದು. ಕಥೆ, ಕಾದಂಬರಿ, ನಾಟಕಗಳು ಬಹುಮಟ್ಟಿಗೆ ಈ ಜಾತಿಯ ಬರೆಹಗಳೇ ಆಗಿರುವುದರಿಂದ ನಮ್ಮ ಪ್ರಶ್ನೆ ಇದರಿಂದ ಮುಗಿಯುವುದಿಲ್ಲ, ಇಲ್ಲಿಂದ ಮೊದಲಾಗುತ್ತದೆ.

ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದವು ಕಣ್ಣಿನ ಚಲನೆಯನ್ನು ಅಳೆದ ಪ್ರಯೋಗಗಳು. ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುವುದೆಂದು ನಾವು ತಿಳಿದಿರುವೆವು. ಹಾಗಲ್ಲ, ಅದು ಕುಪ್ಪಳಿಸುತ್ತದೆ. ಒಂದು ಕಡೆ ಸೆಕೆಂಡಿನ ಸುಮಾರು ಕಾಲು ಪಾಲು ನಿಂತು ಮುಂದಕ್ಕೆ ಹಾರುತ್ತದೆ. ಕೆಲವು ಶಬ್ದಗಳನ್ನು ಮುಟ್ಟದೆಯೇ ದಾಟುತ್ತದೆ. ಸಂದೇಹ ಬಂದಲ್ಲಿ ಹಿಂದಕ್ಕೂ ಹಾರುತ್ತದೆ. ಈ ನಿಲುಗಡೆಗಳನ್ನೂ ಹಿಮ್ಮರಳುವಿಕೆಗಳನ್ನೂ ಯಂತ್ರದಿಂದ ಅಳೆದರೆ, ಓದುಗನು ಬಾಯಿಬಿಟ್ಟು ಹೇಳದಿದ್ದರೂ ಅವನು ಎಲ್ಲಿ ಎಡವಿದನು, ಎಲ್ಲಿ ಯೋಚಿಸಿದನು ಎಂಬುದು ತಿಳಿಯುತ್ತದೆ. ಇಂಗ್ಲೆಂಡಿನ ಫಿಲಿಪ್ಪಾ ಹೊವರ್ಡ್ ಮತ್ತು ಅವರ ಸಹೋದ್ಯೋಗಿಗಳು ೨೦೧೭ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಸ್ವಲೀನ ವಯಸ್ಕರ ಮತ್ತು ಇತರ ವಯಸ್ಕರ ಕಣ್ಣುಗಳನ್ನು ಹೀಗೆ ಹೋಲಿಸಿದ್ದಾರೆ. ವಿರಳಪ್ರಯೋಗದ ಶಬ್ದದ ಮೇಲೆ ಎರಡು ಗುಂಪಿನ ಕಣ್ಣೂ ಹೆಚ್ಚು ಹೊತ್ತು ನಿಂತವು. ಲೋಕವ್ಯವಹಾರಕ್ಕೆ ಹೊಂದದ ಸಂಗತಿ ಬಂದಾಗ ಸ್ವಲೀನರೂ ಅದನ್ನು ಗುರುತಿಸಿದರು. ಭೇದ ಕಂಡುದು ಮುಖ್ಯವಾಗಿ ಒಂದರಲ್ಲಿ: ಸ್ವಲೀನರು ವಾಕ್ಯವನ್ನು ಮರಳಿ ಓದುವುದು ಹೆಚ್ಚು.

ವ್ಯಂಗ್ಯದ ವಿಷಯದಲ್ಲಿ ಔ-ಯಂಗ್ ಮೊದಲಾದವರು ೨೦೧೫ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಕುತೂಹಲಕರ. ಒಂದೇ ಮಾತನ್ನು ಒಮ್ಮೆ ನೇರವಾಗಿಯೂ ಒಮ್ಮೆ ಕೊಂಕಾಗಿಯೂ ತಿಳಿಯಬೇಕಾದ ಎರಡು ಸಂದರ್ಭಗಳಲ್ಲಿ ಇಟ್ಟು ವಯಸ್ಕರಿಂದ ಓದಿಸಿದರು. ಸ್ವಲೀನರಿಗೆ ಕೊಂಕು ತಿಳಿಯದೆಂದು ಪಾಠಪುಸ್ತಕಗಳು ಹೇಳುತ್ತಿದ್ದವಲ್ಲವೆ? ಅವರಿಗೆ ತಿಳಿಯಿತು, ಇತರರಷ್ಟೇ ತಿಳಿಯಿತು. ಕೊಂಕಿನ ಮಾತಿಗೆ ಎರಡು ಗುಂಪಿನವರೂ ಹೆಚ್ಚು ಕಾಲ ತೆಗೆದುಕೊಂಡರು. ಸ್ವಲೀನರು ಮಾತ್ರ ಒಟ್ಟಿನಲ್ಲಿ ಆ ಬರೆಹದ ಮೇಲೆಯೇ ಹೆಚ್ಚು ಹೊತ್ತನ್ನು ಕಳೆದರು. ಸಮಗ್ರಾರ್ಥವನ್ನು ಕಟ್ಟಲು ಅವರಿಗೆ ಹೆಚ್ಚು ಕಾಲ ಬೇಕಾಗಿರಬಹುದು, ಅಥವಾ ತಾವು ತಿಳಿದುದು ಸರಿಯೇ ಎಂದು ಖಚಿತಪಡಿಸಿಕೊಳ್ಳುತ್ತಿರಬಹುದು. ಬಾಲ್ಯದಿಂದಲೂ ‘ನಿನಗೆ ಮಾತಿನ ಮರ್ಮ ತಿಳಿಯದು’ ಎಂದು ಹೇಳಿಸಿಕೊಂಡು ಬೆಳೆದವನು ತನ್ನ ತಿಳಿವಳಿಕೆಯನ್ನು ಎರಡು ಸಲ ಒರೆಹಚ್ಚಿ ನೋಡಿಕೊಂಡರೆ ಅದರಲ್ಲಿ ಆಶ್ಚರ್ಯವೇನು?

ಇಷ್ಟನ್ನು ಕೇಳಿದೊಡನೆಯೇ, ನಿಧಾನವಾಗಿ ಮರಳಿ ಮರಳಿ ಓದುವುದು ತಾನೆ ವಿಮರ್ಶಕನ ಲಕ್ಷಣ, ಆದುದರಿಂದ ಸ್ವಲೀನರೇ ಉತ್ತಮ ವಾಚಕರು ಎಂದು ಕುಣಿದಾಡುವವರೂ ಉಂಟು. ಆ ಉತ್ಸಾಹ ನನಗಿಲ್ಲ. ಆದರೆ ಸಮಯವನ್ನೇ ಬುದ್ಧಿಯೆಂದು ಎಣಿಸುವ ನಮ್ಮ ಪರೀಕ್ಷೆಗಳೂ, ತಟ್ಟನೆ ನಗುವವನನ್ನೇ ರಸಿಕನೆಂದು ಎಣಿಸುವ ನಮ್ಮ ಗೋಷ್ಠಿಗಳೂ, ಇಂಥ ಓದುಗನಿಗೆ ಮಾಡುವ ಅನ್ಯಾಯ ಸಣ್ಣದಲ್ಲ. ಅವನು ತಲಪುವ ಜಾಗ ಒಂದೇ. ನಾವು ಬಾಗಿಲು ಮುಚ್ಚುವುದು ಮಾತ್ರ ಬೇಗ.

ಸಾಹಿತ್ಯವೂ ಈ ಅಪಪ್ರಥೆಗೆ ತನ್ನ ಕಾಣಿಕೆಯನ್ನು ಸಲ್ಲಿಸಿದೆ. ಮಾರ್ಕ್ ಹ್ಯಾಡನ್ ಎಂಬ ಆಂಗ್ಲ ಲೇಖಕರ ‘ದಿ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದಿ ಡಾಗ್ ಇನ್ ದಿ ನೈಟ್-ಟೈಮ್’ ಎಂಬ ಕಾದಂಬರಿ ೨೦೦೩ರಲ್ಲಿ ಹೊರಬಂದು ಲೋಕವಿಖ್ಯಾತವಾಯಿತು. ಅದರ ನಾಯಕನಾದ ಹದಿನೈದು ವರ್ಷದ ಬಾಲಕನು ರೂಪಕವೆಂದರೆ ಸುಳ್ಳೆಂದು ದೂರುತ್ತಾನೆ. ಉಪಮೆಯನ್ನು ಮಾತ್ರ ಸಹಿಸುತ್ತಾನೆ. ಕೃತಿ ಜಾಣತನದ್ದು, ಓದಿಸಿಕೊಂಡು ಹೋಗುವಂಥದು. ಅದನ್ನು ನಾನು ಹಳಿಯುವುದಿಲ್ಲ. ಲೇಖಕರೂ ತಮ್ಮ ಗ್ರಂಥ ಸ್ವಲೀನತೆಯನ್ನು ಕುರಿತುದಲ್ಲವೆಂದು ಹೇಳಿಕೊಂಡಿದ್ದಾರೆ. ಆದರೂ ಉಪಾಧ್ಯಾಯರೂ ವೈದ್ಯರೂ ಅದನ್ನು ಪ್ರಮಾಣಗ್ರಂಥವೆಂಬಂತೆ ಕೈಯಲ್ಲಿ ಹಿಡಿದರು. ಒಂದು ಕಲ್ಪಿತ ಪಾತ್ರದ ಅಭಿರುಚಿ ಒಂದು ಜನವರ್ಗದ ಲಕ್ಷಣವಾಗಿಬಿಟ್ಟಿತು. ಇದಕ್ಕೆ ಮೊದಲೇ ಆಲಿವರ್ ಸ್ಯಾಕ್ಸ್ ಅವರು ೧೯೯೫ರ ಗ್ರಂಥವೊಂದರಲ್ಲಿ, ಸ್ವಲೀನಳಾದ ಪಶುವಿಜ್ಞಾನದ ಪ್ರಾಧ್ಯಾಪಿಕೆ ಟೆಂಪಲ್ ಗ್ರ್ಯಾಂಡಿನ್ ಅವರಿಗೆ ಷೇಕ್ಸ್‌ಪಿಯರನ ರೋಮಿಯೊ-ಜೂಲಿಯೆಟರ ವರ್ತನೆ ಅರ್ಥವಾಗಲಿಲ್ಲವೆಂಬುದನ್ನು ಬರೆದಿದ್ದರು. ಒಬ್ಬಳು ವಿದುಷಿ ಪ್ರಾಮಾಣಿಕವಾಗಿ ಒಪ್ಪಿಕೊಂಡ ಮಾತು ಎಲ್ಲ ಸ್ವಲೀನರ ಮೇಲಿನ ತೀರ್ಪಾಗಿ ಪರಿಣಮಿಸಿತು. ನಮ್ಮಲ್ಲಿ ರೋಮಿಯೊವಿನ ಆತುರವನ್ನು ಅರ್ಥಮಾಡಿಕೊಳ್ಳಲಾಗದ ಸ್ವಲೀನರಲ್ಲದ ಪ್ರಾಧ್ಯಾಪಕರು ಎಷ್ಟು ಮಂದಿಯೋ! ಅವರನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಇದಕ್ಕೆ ಪ್ರತಿಯಾಗಿ ಹೊರಟ ಗ್ರಂಥವೆಂದರೆ ಅಮೆರಿಕದ ಆಂಗ್ಲಸಾಹಿತ್ಯದ ಪ್ರಾಧ್ಯಾಪಕ ರಾಲ್ಫ್ ಜೇಮ್ಸ್ ಸವರೀಸ್ ಅವರ ‘ಸೀ ಇಟ್ ಫೀಲಿಂಗ್ಲಿ’ (೨೦೧೮). ಅವರು ಸ್ವಲೀನನಾದ ಮಗನನ್ನು ದತ್ತು ಪಡೆದು ಬೆಳೆಸಿದವರು. ಸ್ವಲೀನರ ಮೇಲೆ ಪರೀಕ್ಷೆ ನಡೆಸುವುದನ್ನು ಬಿಟ್ಟು, ಅವರೊಡನೆ ಕುಳಿತು ಒಂದೊಂದು ಕೃತಿಯನ್ನು ಅಧ್ಯಾಯ ಅಧ್ಯಾಯವಾಗಿ ಓದಿ ಚರ್ಚಿಸುವುದು ಅವರ ಮಾರ್ಗ. ಹೀಗೆ ಮೆಲ್ವಿಲ್ಲನ ‘ಮೋಬಿ-ಡಿಕ್’ ಎಂಬ ಮಹಾಕಾದಂಬರಿಯನ್ನು ಅವರೊಡನೆ ಓದಿದವರು ತೀತೊ ರಾಜರ್ಷಿ ಮುಖ್ಯೋಪಾಧ್ಯಾಯ. ಈ ತೀತೊ ನಮಗೆ ಅಪರಿಚಿತರಲ್ಲ; ಅಮೆರಿಕಕ್ಕೆ ಹೋಗುವ ಮೊದಲು ತಾಯಿ ಸೋಮಾ ಅವರೊಡನೆ ಬೆಂಗಳೂರಿನಲ್ಲಿ ಇದ್ದವರು; ಮಾತು ಹೆಚ್ಚಾಗಿ ಬಾರದಿದ್ದರೂ ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆದು ೨೦೦೦ರಲ್ಲಿಯೇ ಲಂಡನ್ನಿನಿಂದ ಪುಸ್ತಕವನ್ನು ಪ್ರಕಟಿಸಿದವರು. ರೂಪಕವೇ ಅವರ ಸಹಜಭಾಷೆ. ಸವರೀಸರ ಗ್ರಂಥವನ್ನು ಓದುವಾಗ, ರೂಪಕ ತಿಳಿಯದೆಂಬ ಮಾತನ್ನು ಇಷ್ಟು ದಿನ ಹೇಗೆ ನಂಬಿದ್ದೆವೆಂದು ಲಜ್ಜೆಯಾಗುತ್ತದೆ.

ಆದರೆ ವಿಮರ್ಶಕನು ಲಜ್ಜೆಯಲ್ಲಿ ವಿವೇಕವನ್ನು ಮರೆಯಬಾರದು. ಸವರೀಸರು ಆರಿಸಿಕೊಂಡವರು ಅಸಾಧಾರಣರು. ಕವಿಯೊಬ್ಬನ ಓದಿನಿಂದ ಎಲ್ಲ ಸ್ವಲೀನರ ಓದನ್ನು ಅಳೆಯುವುದು, ಗ್ರ್ಯಾಂಡಿನ್ ಅವರಿಂದ ಅಳೆದಷ್ಟೇ ತಪ್ಪು. ಇನ್ನೊಂದು ಸಂಗತಿಯೂ ಇದೆ. ಸೋಮಾ ಅವರು ರೂಪಿಸಿದ, ಅಕ್ಷರಫಲಕವನ್ನು ತೋರಿಸಿ ಉತ್ತರ ಹೊರಡಿಸುವ ಪದ್ಧತಿಯನ್ನು ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘವು ೨೦೧೮ರಲ್ಲಿ, ಉತ್ತರ ಕೊಡುವವನು ಶಿಷ್ಯನೋ ಸಹಾಯಕನೋ ಎಂಬುದು ನಿಶ್ಚಯವಾಗದೆಂಬ ಕಾರಣದಿಂದ, ಬಳಸಬಾರದೆಂದು ಸಾರಿತು. ತಮ್ಮ ಕೈಯಿಂದಲೇ ಬರೆಯಬಲ್ಲ ತೀತೊ ಅವರಿಗೆ ಈ ಸಂಶಯ ಅಷ್ಟಾಗಿ ತಟ್ಟದಿದ್ದರೂ, ಆ ಪದ್ಧತಿಯನ್ನು ನೆಚ್ಚುವ ಬೇರೆಯವರ ವಿಷಯದಲ್ಲಿ ಎಚ್ಚರಿಕೆ ಅವಶ್ಯ. ಸವರೀಸರು ಪ್ರೀತಿಯಿಂದ ಬರೆದಿದ್ದಾರೆ. ಪ್ರೀತಿ ಕೆಲವೆಡೆ ಪ್ರಮಾಣದ ಸ್ಥಾನವನ್ನು ಆಕ್ರಮಿಸಿದೆ.

ನನಗೆ ಹೆಚ್ಚು ಬೆಳಕು ಕೊಟ್ಟುದು ಡೇಮಿಯನ್ ಮಿಲ್ಟನ್ ಎಂಬ, ಸ್ವತಃ ಸ್ವಲೀನರಾದ ಸಮಾಜಶಾಸ್ತ್ರಜ್ಞರ ೨೦೧೨ರ ಒಂದು ಚಿಕ್ಕ ಪ್ರಬಂಧ. ಸ್ವಲೀನನಿಗೆ ಇತರರ ಮನಸ್ಸು ತಿಳಿಯದೆಂದು ಹೇಳುವಿರಿ; ಇತರರಿಗೆ ಸ್ವಲೀನನ ಮನಸ್ಸು ತಿಳಿಯುವುದೆ? ತಿಳಿಯದಿದ್ದರೆ ಆ ಕೊರತೆಯನ್ನು ಒಬ್ಬನ ತಲೆಯ ಮೇಲೆ ಮಾತ್ರ ಏಕೆ ಕಟ್ಟುತ್ತೀರಿ? ಅದು ಇಬ್ಬರ ನಡುವಿನ ಕೊರತೆಯಲ್ಲವೆ? ಇದು ಅವರ ವಾದದ ತಿರುಳು. ಇದನ್ನು ಓದಿದಾಗ ನನಗೆ ನೆನಪಾದುದು ಅಭಿನವಗುಪ್ತನು ಸಹೃದಯನಿಗೆ ಕೊಟ್ಟ ಲಕ್ಷಣ. ಕಾವ್ಯದ ಅನುಶೀಲನೆಯ ಅಭ್ಯಾಸದಿಂದ ಯಾರ ಮನಸ್ಸು ಕನ್ನಡಿಯಂತೆ ನಿರ್ಮಲವಾಗಿ, ವರ್ಣಿತವಾದುದರಲ್ಲಿ ತನ್ಮಯವಾಗುವ ಯೋಗ್ಯತೆಯನ್ನು ಪಡೆಯುವುದೋ, ಅಂಥ ಹೃದಯಸಂವಾದವುಳ್ಳವರು ಸಹೃದಯರು ಎಂದು ಲೋಚನದಲ್ಲಿ ಅವನು ಹೇಳುತ್ತಾನೆ. ಅಭ್ಯಾಸದಿಂದ ಎಂದು ಹೇಳಿದನು, ಜನ್ಮದಿಂದ ಎನ್ನಲಿಲ್ಲ. ಸಂವಾದವೆಂದನು, ಸಂವಾದಕ್ಕೆ ಇಬ್ಬರು ಬೇಕು. ನಾವು ಈ ಲಕ್ಷಣದಿಂದ ಅಭ್ಯಾಸವನ್ನು ತೆಗೆದುಹಾಕಿ, ಸಂವಾದವನ್ನೂ ಬಿಟ್ಟು, ಉಳಿದ ಕಣ್ಣೀರನ್ನು ಮಾತ್ರ ಇಟ್ಟುಕೊಂಡಿದ್ದೇವೆ. ಇದು ನನ್ನ ವ್ಯಾಖ್ಯಾನವೆಂದು ಪಂಡಿತರು ಆಕ್ಷೇಪಿಸಬಹುದು. ಅಭಿನವನ ಸಂವಾದ ಕವಿಯೊಡನೆಯೇ ಹೊರತು ಪಕ್ಕದಲ್ಲಿ ಕುಳಿತವನೊಡನೆ ಅಲ್ಲವೆನ್ನಬಹುದು. ಆ ಆಕ್ಷೇಪ ನ್ಯಾಯವಾದುದೇ. ಆದರೂ ಪಕ್ಕದಲ್ಲಿ ಕುಳಿತವನನ್ನು ನಗಿಸಿ ಓಡಿಸಿದವನಿಗೆ ಕವಿಯೊಡನೆ ಯಾವ ಸಂವಾದ ಸಾಧ್ಯವೋ ನನಗೆ ತಿಳಿಯದು.

ಇನ್ನು ಆ ಸಂಜೆಯ ಪ್ರಶ್ನೆಗೆ ಬರುವೆನು. ಇಷ್ಟೆಲ್ಲ ಓದಿದ ಬಳಿಕ ಒಂದು ದಿನ ಉದ್ಯೋಗಪರ್ವವನ್ನು ತೆರೆದು ಆ ಸಂಧಿಯನ್ನು ಮತ್ತೆ ಓದಿದೆನು. ಕೃಷ್ಣನಿಗೆ ಮೊದಲೇ ತಿಳಿದಿತ್ತು. ಅಂದು ಹೇಳದೆ ಇಂದು ಏಕೆ ಹೇಳಿದನು? ಸಾಮ ಮುರಿದುಬಿದ್ದಿದೆ, ಯುದ್ಧ ನಿಶ್ಚಯವಾಗಿದೆ, ಉಳಿದಿರುವುದು ಭೇದೋಪಾಯ. ದಂಡದಿಂದ ಗೆಲ್ಲಲಾಗದವನನ್ನು ಅವನ ಜನ್ಮರಹಸ್ಯದಿಂದಲೇ ಇರಿಯಬೇಕಾಗಿದೆ. ಇದು ನನ್ನ ಊಹೆಯಲ್ಲ. ಸಾಕ್ಷಾತ್ ಕರ್ಣನೇ ತನ್ನೊಳಗೆ, ಕೃಷ್ಣನು ಭೇದವನ್ನು ಪ್ರಯೋಗಿಸಿ ತನ್ನನ್ನು ಕೊಂದನೆಂದು ನೆನೆದುಕೊಳ್ಳುವಂತೆ ಕವಿಯೇ ಬರೆದಿದ್ದಾನೆ. ನಾನು ಆ ಪದ್ಯವನ್ನು ಇಪ್ಪತ್ತು ಸಲ ಕೇಳಿದ್ದೇನೆ. ಕಣ್ಣು ಮಂಜಾಗಿದ್ದುದರಿಂದಲೋ ಏನೋ ಕಿವಿಗೆ ಬಿದ್ದಿರಲಿಲ್ಲ. ಕಾವ್ಯದ ಕೀಲು ಎಲ್ಲಿದೆಯೋ ಅಲ್ಲಿಗೆ ನೇರವಾಗಿ ಕೈಯಿಟ್ಟವನು ಸಭೆಯಲ್ಲಿ ಒಬ್ಬನೇ, ಅರಸಿಕನೆನಿಸಿಕೊಂಡವನೂ ಅವನೇ.

ಆದರೆ ಅವನ ಎರಡನೆಯ ಪ್ರಶ್ನೆಯನ್ನೂ ಮರೆಯಲಾಗದು. ರಾಜ್ಯ ಸಿಗುವವನು ಅಳುವುದೇಕೆಂಬುದು ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಅಲ್ಲಿ ನಾವು ತಿಳಿದಿದ್ದೆವು. ಹೇಳಿಕೊಡುವ ಬದಲು ನಕ್ಕೆವು.

ಮನೆಗೆ ಹೋಗಿ ಅವನಿಗೆ ಇದನ್ನೆಲ್ಲ ಹೇಳಿದೆನು. “ಅಂದು ನಾನು ನಗಬಾರದಾಗಿತ್ತಪ್ಪ” ಎಂದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ನಕ್ಕಿದ್ದು ನನಗೆ ನೆನಪಿದೆ, ಮಾವ. ಪ್ರಶ್ನೆಗೆ ಉತ್ತರ ಮಾತ್ರ ಬರಲಿಲ್ಲ” ಎಂದನು. ಅದರಲ್ಲಿ ಕೊಂಕು ಇತ್ತೋ ಇಲ್ಲವೋ ನಾನು ನಿರ್ಧರಿಸಲಾರದೆ ಹೋದೆನು. ಕರ್ಣನು ಅಳುವುದು ರಾಜ್ಯಕ್ಕಲ್ಲ, ತಡವಾಗಿ ದೊರೆತ ತಮ್ಮಂದಿರನ್ನು ಕೊಲ್ಲಬೇಕಾದುದಕ್ಕೆ, ಅನ್ನವಿಟ್ಟ ದೊರೆಯನ್ನು ಬಿಡಲಾರದುದಕ್ಕೆ ಎಂದು ವಿವರಿಸಿದೆನು. ಅವನು ಪುಸ್ತಕವನ್ನು ತೆಗೆದುಕೊಂಡು ಆ ಪದ್ಯಗಳನ್ನು ಮೊದಲಿನಿಂದ, ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಿದನು, ಮತ್ತೊಮ್ಮೆ ಓದಿದನು. “ಹಾಗಾದರೆ ಕೃಷ್ಣನಿಗೆ ಇವನು ಬರುವುದಿಲ್ಲವೆಂದು ಗೊತ್ತಿತ್ತು” ಎಂದನು. ಅದು ನನಗೆ ಹೊಳೆದಿರಲಿಲ್ಲ.

ಈಗ ಪ್ರತಿ ಭಾನುವಾರ ಸಾಯಂಕಾಲ ನಾವಿಬ್ಬರೂ ಕುಳಿತು ಓದುತ್ತೇವೆ. ದ್ರೋಣಪರ್ವದ ನಡುವಿನಲ್ಲಿದ್ದೇವೆ. ಸಂಧಿಯೊಂದಕ್ಕೆ ಎರಡು ವಾರ ಹಿಡಿಯುತ್ತದೆ. ಅವನು ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಸಂಖ್ಯೆ ಹಾಕಿ ಬರೆದುಕೊಳ್ಳುವನು. ಕಳೆದ ವಾರಕ್ಕೆ ೧೧೨ ಆಗಿವೆ. ಅವುಗಳಲ್ಲಿ ಮೂವತ್ತರಷ್ಟಕ್ಕೆ ನನ್ನಿಂದ ಉತ್ತರ ಕೊಡಲಾಗಲಿಲ್ಲ. ಅವುಗಳ ಪಕ್ಕದಲ್ಲಿ ಅವನು ಕೆಂಪು ಶಾಯಿಯಿಂದ ಒಂದು ಚುಕ್ಕೆಯಿಟ್ಟಿದ್ದಾನೆ. ಮುಂದಿನ ಮಾಸದ ವಾಚನಕ್ಕೆ ಆ ಪುಸ್ತಕದೊಡನೆ ಬರಲು ಒಪ್ಪಿಕೊಂಡಿದ್ದಾನೆ.